ಏಳು ಹೋಲ್ಡರಿನ ದೀಪ

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಕಣ್ಣಳತೆ ಎಂದೇ ಕರೆಯುತ್ತಿದ್ದರು. ಅವನು ಕೆಲಸಕ್ಕಿದ್ದದ್ದು ಚಪ್ಪಲಿ ಅಂಗಡಿಯಲ್ಲಿ. ಗಿರಾಕಿ ಬಾಗಿಲು ದಾಟಿ ಎರಡು ಹೆಜ್ಜೆ ಇಡುವುದರೊಳಗೆ ಕಾಲಿನ ಕಡೆ ಒಂದು ಸಲ ನೋಡಿ, “ಎಂಟನೇ ನಂಬರು, ಎಡಗಾಲು ಸ್ವಲ್ಪ ಅಗಲ” ಎಂದುಬಿಡುತ್ತಿದ್ದ. ಒಳಗಿನಿಂದ ಡಬ್ಬಿ ತಂದು ತೊಡಿಸಿದರೆ ಆ ಕಾಲಿಗೆಂದೇ ಹೊಲಿಸಿಟ್ಟಿದ್ದ ಹಾಗೆ ಕೂರುತ್ತಿತ್ತು. ಕಾಲಿನ ಅಳತೆ ತೆಗೆಯುವ ಕಬ್ಬಿಣದ ಪಟ್ಟಿಯೊಂದು ಅಂಗಡಿಯಲ್ಲಿ ಇತ್ತು, ಇಲ್ಲವೆಂದಲ್ಲ. ಇಪ್ಪತ್ತು ವರ್ಷದಿಂದ ಅದನ್ನು ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅಡ್ಡ ಇಡಲು ಬಳಸುತ್ತಿದ್ದರು.

ಒಂದು ವಿಷಯದಲ್ಲಿ ಗಟ್ಟಿಗರಾದವರಿಗೆ ಉಳಿದೆಲ್ಲ ವಿಷಯಗಳಲ್ಲೂ ತಾವು ಗಟ್ಟಿಗರೇ ಎಂಬ ಭ್ರಮೆ ಬರುತ್ತದೆ. ಇದಕ್ಕೆ ಔಷಧಿ ಇಲ್ಲ. ಕಣ್ಣಳತೆ ತನ್ನ ಮನೆಗೆ ಟೇಪು ಹಿಡಿಯದೆ ತಂದ ಪರದೆಗಳು ಕಿಟಕಿಯ ಅರ್ಧಕ್ಕೇ ನಿಂತು ಚಡ್ಡಿ ಹಾಕಿದಂತೆ ಕಾಣುತ್ತಿದ್ದವು. ನೋಡಿದೊಡನೆ ಗೊತ್ತಾಗುತ್ತದೆ ಎಂದು ತಂದ ಫ್ರಿಜ್ಜು ಅಡಿಗೆಮನೆಯ ಬಾಗಿಲಿನಲ್ಲಿ ಹಿಡಿಸಲಿಲ್ಲ. ಅಂದಿನಿಂದ ಅದು ಹಾಲಿನಲ್ಲಿ ಸೋಫಾದ ಪಕ್ಕ ನಿಂತಿದೆ, ಬಂದ ನೆಂಟರು ಅದಕ್ಕೆ ಒರಗಿಕೊಂಡು ಮಾತಾಡುತ್ತಾರೆ. ಇಷ್ಟಾದರೂ ಅವನು ಟೇಪು ಕೊಳ್ಳಲಿಲ್ಲ. “ಫ್ರಿಜ್ಜು ಸರಿಯಾಗೇ ಇದೆ, ಬಾಗಿಲು ಚಿಕ್ಕದು” ಎಂದು ವಾದಿಸುತ್ತಿದ್ದ.

ಮನೆಯಲ್ಲಿ ಇದ್ದವರು ಮೂರು ಜನ. ಅವನು, ಅವನ ಹೆಂಡತಿ, ಹೆಂಡತಿಯ ತಾಯಿ. ಅತ್ತೆಗೆ ಎಪ್ಪತ್ತೊಂದು ವರ್ಷ. ಗಡಿಯಾರ ರಿಪೇರಿ ಅವರ ಕಸುಬು. ಊಟದ ಮೇಜಿನ ಒಂದು ತುದಿಯಲ್ಲಿ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮುಟ ಹಿಡಿದು ಕೂತರೆ ಮನೆಯಲ್ಲಿ ಸೀನುವಂತಿರಲಿಲ್ಲ. ಒಂದು ಸೀನಿಗೆ ಹದಿನಾಲ್ಕು ಹಲ್ಲುಚಕ್ರಗಳು ಸೋಫಾದ ಕೆಳಗೆ ಹೋದ ಇತಿಹಾಸವಿತ್ತು. ಹಾಗೆ ಸೀನಿದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಆ ಮೇಜಿನ ಮೇಲೆ ಚಾವಣಿಯಿಂದ ಇಳಿಬಿದ್ದಿದ್ದದ್ದೇ ನಮ್ಮ ದೀಪ. ಏಳು ತೋಳುಗಳ ಹಿತ್ತಾಳೆಯ ದೀಪ. ಮಾವ ಬದುಕಿದ್ದಾಗ ಹೆಂಡತಿಗೆಂದು ಕೈಯಾರೆ ಮಾಡಿದ್ದು. ಮೇಜಿನ ಮೇಲೆ ಒಂದೇ ದೀಪ ಇಟ್ಟುಕೊಂಡರೆ ಅತ್ತೆಯ ಕೈ ನೆರಳು ಗಡಿಯಾರದ ಹೊಟ್ಟೆಯೊಳಗೇ ಬೀಳುತ್ತಿತ್ತು. ಏಳು ಕಡೆಯಿಂದ ಬೆಳಕು ಬಂದರೆ ನೆರಳಿಗೆ ನಿಲ್ಲಲು ಜಾಗವೇ ಇರುವುದಿಲ್ಲ ಎಂದು ಮಾವ ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿತ್ತು. ಎಡವಟ್ಟಾದದ್ದು ಹೋಲ್ಡರುಗಳ ವಿಷಯದಲ್ಲಿ. ಮಾವ ಕೆಲಸಕ್ಕಿದ್ದದ್ದು ರೈಲು ಡಿಪೋದ ಉಗ್ರಾಣದಲ್ಲಿ. ಗುಜರಿಗೆ ಹೋಗುವ ಸಾಮಾನಿನ ರಾಶಿಯಿಂದ ಸಾಹೇಬರನ್ನು ಕೇಳಿ ಕೇಳಿ ಒಂದೊಂದೇ ಹೋಲ್ಡರ್ ತಂದಿದ್ದರು. ರಾಶಿಯಲ್ಲಿ ಸಿಕ್ಕಿದ್ದು ಸಿಕ್ಕಿದ ಹಾಗೆ. ಹಾಗಾಗಿ ಏಳು ತೋಳಿಗೆ ಏಳು ಜಾತಿಯ ಹೋಲ್ಡರು.

ಒಂದಕ್ಕೆ ಎಲ್ಲರ ಮನೆಯಲ್ಲೂ ಇರುವ ಎರಡು ಪಿನ್ನಿನ ಬಲ್ಬು ಹಿಡಿಸುತ್ತಿತ್ತು. ಪಕ್ಕದ್ದು ಹೊಲಿಗೆ ಮಷೀನಿನದು, ಬೆರಳುಗಾತ್ರದ ಬಲ್ಬಿಗೆ ಮಾತ್ರ ಬಾಯಿ ತೆರೆಯುವಂಥದ್ದು. ಆಮೇಲೆ ತಿರುಪಿನವು ಮೂರು, ಒಂದು ದಪ್ಪ, ಒಂದು ಸಣ್ಣ, ಇನ್ನೊಂದು ಅದಕ್ಕಿಂತ ಸಣ್ಣ. ಆರನೆಯದಕ್ಕೆ ಪಿನ್ನು ಎರಡಲ್ಲ, ಮೂರು. ಬಲ್ಬು ಕದ್ದೊಯ್ದರೂ ಮನೆಯ ಹೋಲ್ಡರಿನಲ್ಲಿ ಕೂರಬಾರದು ಎಂದು ಹಿಂದಿನ ಕಾಲದ ಸಾಹೇಬರೊಬ್ಬರು ತಲೆ ಓಡಿಸಿ ಡಿಪೋಗೆಲ್ಲ ಹಾಕಿಸಿದ್ದು ಅದು. ಮಾವ ಹೋಲ್ಡರನ್ನೇ ಮನೆಗೆ ತಂದು ಆ ಸಾಹೇಬರ ತಲೆ ಓಟವನ್ನು ಅಲ್ಲಿಗೆ ನಿಲ್ಲಿಸಿದರು. ಏಳನೆಯದು ಗೋದಾಮಿನ ಚಾವಣಿಯದು. ಅದರ ಬಾಯಿ ಎಷ್ಟು ದೊಡ್ಡದೆಂದರೆ ಒಮ್ಮೆ ಗುಬ್ಬಚ್ಚಿಯೊಂದು ಅದರಲ್ಲಿ ಗೂಡು ಕಟ್ಟುವ ವಿಚಾರ ಮಾಡಿತ್ತು.

ಹಳೆಯ ಬಲ್ಬುಗಳು ಏಳೂ ಉರಿದರೆ ಮೀಟರು ಬುಗುರಿಯಾಗುತ್ತಿತ್ತು, ಅತ್ತೆಯ ನೆತ್ತಿ ಕಾಯುತ್ತಿತ್ತು. ಆದರೂ ಉರಿಯುತ್ತಿದ್ದವು. ಈಚೆಗೆ ಒಂದೊಂದಾಗಿ ಕಣ್ಣು ಮುಚ್ಚತೊಡಗಿದವು. ಅಂಥ ಬಲ್ಬುಗಳನ್ನು ಮಾಡುವುದನ್ನೇ ಕಾರ್ಖಾನೆಗಳು ನಿಲ್ಲಿಸಿದ್ದವು. ಕೊನೆಗೆ ಉಳಿದದ್ದು ಎರಡು. ಅತ್ತೆ ಆ ಎರಡರ ಮಬ್ಬಿನಲ್ಲಿ ಮೂಗು ಗಡಿಯಾರಕ್ಕೆ ತಾಗುವಷ್ಟು ಬಗ್ಗಿ ಕೆಲಸ ಮಾಡುತ್ತಿದ್ದರು. ಬಾಯಿಬಿಟ್ಟು ಏನನ್ನೂ ಕೇಳುವ ಜಾಯಮಾನ ಅವರದಲ್ಲ.

ಹೀಗಿರುವಾಗ ಬೇಕರಿಯವಳ ಕೈಗಡಿಯಾರ ವಾಪಸ್ ಬಂತು. ಅತ್ತೆ ರಿಪೇರಿ ಮಾಡಿಕೊಟ್ಟ ಮೇಲೂ ಅದು ನಿಧಾನವಾಗಿ ನಡೆಯುತ್ತಿತ್ತು, ಎರಡು ದಿನ ಬ್ರೆಡ್ಡು ಕರಕಲಾಗಿತ್ತು. ಮತ್ತೆ ಸರಿ ಮಾಡಿ ಕೊಟ್ಟರು, ಮತ್ತೆ ವಾಪಸ್ ಬಂತು. ಅದೇ ವಾರ ಬ್ಯಾಂಡ್ ಮೇಷ್ಟ್ರ ಗಡಿಯಾರವೂ ಹಾಗೇ ಹಿಂತಿರುಗಿತು. ಐವತ್ತು ವರ್ಷದಲ್ಲಿ ಅತ್ತೆಯ ಕೈಯಿಂದ ಹೋದ ಗಡಿಯಾರ ತಿರುಗಿ ಬಂದದ್ದೇ ಇರಲಿಲ್ಲ.

ಸೋಮವಾರ ಊಟದ ಹೊತ್ತಿನಲ್ಲಿ ಅತ್ತೆ ತಟ್ಟೆ ನೋಡುತ್ತಾ ಹೇಳಿದರು, “ಇನ್ನು ಸಾಕು. ಕಣ್ಣೂ ಹೋಯ್ತು, ಕೈಯೂ ಹೋಯ್ತು. ಇರೋ ಗಡಿಯಾರ ಎಲ್ಲ ಶನಿವಾರ ಸಾಯಂಕಾಲ ಅವರವರಿಗೆ ಕೊಟ್ಟುಬಿಡ್ತೀನಿ. ಬಂದು ತಗೊಂಡು ಹೋಗಿ ಅಂತ ಎಲ್ಲರಿಗೂ ಫೋನ್ ಮಾಡಿದೀನಿ.”

“ಅಮ್ಮಾ, ಏನಂತ ಮಾತಾಡ್ತೀಯ?” ಎಂದಳು ಮಗಳು.

“ನಿಂಗೆ ಗೊತ್ತಾಗಲ್ಲ ಬಿಡು. ಕೈ ಸುಳ್ಳು ಹೇಳಕ್ಕೆ ಶುರು ಮಾಡಿದ ಮೇಲೆ ಈ ಕೆಲಸ ಮಾಡಬಾರದು.”

ಕಣ್ಣಳತೆ ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಮೊದಲು ಅವನಿಗೆ ಹೊಳೆದದ್ದು ತನ್ನ ಗತಿ, ಅದನ್ನು ಮುಚ್ಚಿಡುವುದು ಯಾಕೆ? ಹೋದ ವರ್ಷ ಅತ್ತೆಯ ಮಣಿಕಟ್ಟು ಉಳುಕಿ ಒಂಬತ್ತು ದಿನ ಕೆಲಸ ನಿಂತಿತ್ತು. ಆ ಒಂಬತ್ತು ದಿನ ಅವರು ಮನೆಯನ್ನು ರಿಪೇರಿ ಮಾಡಲು ಹೊರಟಿದ್ದರು. ಅಳಿಯನ ಸ್ನಾನಕ್ಕೆ ಗಡಿಯಾರ ಇಟ್ಟರು, ಗೊರಕೆಗೆ ನಿಮಿಷಕ್ಕೆ ಎಷ್ಟೆಂದು ಎಣಿಸಿದರು, ಅವನ ಸಾಕ್ಸುಗಳನ್ನು ಸವೆತದ ಪ್ರಕಾರ ಜೋಡಿಸಿಟ್ಟರು. ಬದುಕಿಡೀ ಹಾಗಾದರೆ?

ಆದರೆ ಊಟವಾದ ಮೇಲೆ ಇನ್ನೊಂದನ್ನು ನೋಡಿದ. ಅತ್ತೆ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಕೈಗಳನ್ನು ಮೊದಲು ಮೇಜಿನ ಮೇಲೆ ಇಟ್ಟರು, ಆಮೇಲೆ ಮಡಿಲಲ್ಲಿ ಇಟ್ಟರು, ಮತ್ತೆ ಮೇಜಿನ ಮೇಲೆ ತಂದರು. ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಸಾಕ್ಸಿನ ವಿಷಯ ಮರೆತೇ ಹೋಯಿತು.

“ಅತ್ತೆ, ಶನಿವಾರದೊಳಗೆ ಏಳಕ್ಕೂ ಹೊಸ ಬಲ್ಬ್ ಹಾಕ್ತೀನಿ. ಎಲ್‌ಇಡಿ. ಕರೆಂಟೂ ಉಳಿಯತ್ತೆ, ನೆತ್ತಿಯೂ ಕಾಯಲ್ಲ. ಆಮೇಲೆ ನೋಡಿ ಹೇಳಿ,” ಎಂದ.

“ಬೇಡ ಬಿಡಿ ಅಳಿಯಂದಿರೇ. ಅದಕ್ಕೆ ಎಲ್ಲೂ ಬಲ್ಬ್ ಸಿಗಲ್ಲ.”

“ಸಿಗಲ್ಲ ಅಂದ್ರೆ? ನಾನಿದೀನಲ್ಲ,” ಎಂದು ಕಣ್ಣಳತೆ ಕೂತಲ್ಲಿಂದಲೇ ತಲೆ ಎತ್ತಿ ಒಂದು ಕಣ್ಣು ಮುಚ್ಚಿ ದೀಪವನ್ನು ನೋಡಿದ. ಹೆಂಡತಿ ಹಣೆ ಚಚ್ಚಿಕೊಂಡಳು. ಆ ಒಂದು ಕಣ್ಣು ಮುಚ್ಚುವುದರ ಅರ್ಥ ಅವಳಿಗೆ ಫ್ರಿಜ್ಜು ಬಂದ ದಿನವೇ ತಿಳಿದಿತ್ತು.

ಊರಿನ ಆ ಬದಿಯಲ್ಲಿ ಬಲ್ಬಿಗೆಂದು ಒಂದೇ ಅಂಗಡಿ. ನಡೆಸುವವಳನ್ನು ಬಲ್ಬಿನಕ್ಕ ಎನ್ನುತ್ತಿದ್ದರು. ನೆಲದಿಂದ ಸೂರಿನವರೆಗೆ ಡ್ರಾಯರುಗಳು, ನಡುವೆ ಒಂದು ಏಣಿ, ಏಣಿಯ ಮೇಲೆ ಅವಳು. ಮಂಗಳವಾರ ಕಣ್ಣಳತೆ ಹೋದಾಗ ಅವಳು ಮೇಲಿನಿಂದಲೇ ಕೇಳಿದಳು, “ಹಳೇ ಬಲ್ಬ್ ತಂದಿದೀರಾ ಅಣ್ಣ?”

“ಅದೆಲ್ಲ ಬೇಡ ಅಕ್ಕ. ನಾನು ನೋಡಿದೀನಿ.”

“ನೋಡಿದ್ರೆ ಆಗಲ್ಲ, ತರಬೇಕು.”

“ಒಂದು ಆರನೇ ನಂಬರ್ ಹೆಂಗಸರ ಚಪ್ಪಲಿ ಹಿಮ್ಮಡಿ ಇರತ್ತಲ್ಲ, ಅಷ್ಟು ದಪ್ಪ. ಇನ್ನೊಂದು ಮಕ್ಕಳ ಶೂ ಲೇಸ್ ತುದಿಗಿಂತ ನಾಲ್ಕು ಪಟ್ಟು.”

ಬಲ್ಬಿನಕ್ಕ ಏಣಿಯಿಂದ ಒಂದು ಮೆಟ್ಟಿಲು ಇಳಿದು ಅವನ ಮುಖವನ್ನು ಸರಿಯಾಗಿ ನೋಡಿದಳು. ಕುಡಿದಿರುವಂತೆ ಕಾಣಲಿಲ್ಲ. ಅವನು ಕೈಯಲ್ಲಿ ತೋರಿಸಿದ ಗಾತ್ರಕ್ಕೆ ಏಳು ಬಲ್ಬು ಕೊಟ್ಟು ಕಳಿಸಿದಳು. ಮನೆಗೆ ತಂದು ನೋಡಿದರೆ ಕೂತದ್ದು ಒಂದು, ಅದೂ ಎಲ್ಲರ ಮನೆಯಲ್ಲಿರುವ ಎರಡು ಪಿನ್ನಿನದು. ಅದನ್ನು ಕುರುಡನೂ ತರಬಹುದಿತ್ತು ಎಂದು ಹೆಂಡತಿ ಹೇಳಿದಳು.

ಬುಧವಾರ ಮತ್ತೆ ಹೋದ. “ಹಳೇ ಬಲ್ಬು?” ಎಂದಳು ಬಲ್ಬಿನಕ್ಕ. “ನಿನ್ನೆ ಸ್ವಲ್ಪ ಲೂಸ್ ಆಯ್ತು, ಇವತ್ತು ಅರ್ಧ ನಂಬರ್ ಜಾಸ್ತಿ ಕೊಡಿ,” ಎಂದ ಇವನು. ಬಲ್ಬಿಗೆ ಅರ್ಧ ನಂಬರು ಇರುವುದಿಲ್ಲ ಎಂದು ಅವಳು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನ ಯಾವುದೂ ಕೂರಲಿಲ್ಲ. ಒಂದು ತಿರುಪಿನ ಬಲ್ಬು ಅರ್ಧ ಸುತ್ತು ಹೋಗಿ ಸಿಕ್ಕಿಕೊಂಡಿತು, ಜಪ್ಪಯ್ಯ ಅಂದರೂ ಹಿಂದಕ್ಕೂ ಬರಲಿಲ್ಲ ಮುಂದಕ್ಕೂ ಹೋಗಲಿಲ್ಲ. ಬಿಗಿ ಶೂ ಸಡಿಲಿಸುವ ಪುಡಿಯನ್ನು ಅಂಗಡಿಯಿಂದ ತಂದು ಉದುರಿಸುತ್ತೇನೆಂದು ಹೊರಟವನನ್ನು ಹೆಂಡತಿ ಅಂಗಿ ಹಿಡಿದು ನಿಲ್ಲಿಸಿ, ಇಕ್ಕಳ ಹಿಡಿದು ತಾನೇ ಬಲ್ಬು ಬಿಡಿಸಿದಳು.

“ರೀ, ಹಳೇ ಬಲ್ಬ್‌ಗಳನ್ನ ಒಂದು ಚೀಲದಲ್ಲಿ ಹಾಕ್ಕೊಂಡು ಹೋದ್ರೆ ನಿಮ್ಮ ಗಂಟೇನು ಹೋಗತ್ತೆ?”

“ಅಂಗಡಿಯವಳು ನಗ್ತಾಳೆ.”

“ಈಗ ಅಳ್ತಾ ಇದ್ದಾಳಾ?”

ಆದರೂ ಅವನು ಒಪ್ಪಲಿಲ್ಲ. ಇಪ್ಪತ್ತು ವರ್ಷ ಸಾವಿರಾರು ಕಾಲು ನೋಡಿದ ಕಣ್ಣು, ಹಿತ್ತಾಳೆಯ ಏಳು ಬಾಯಿಯ ಮುಂದೆ ಸೋಲುವುದೇ? ಗುರುವಾರ ಒಂದು ಬಲ್ಬು ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಿಚ್ ಹಾಕಿದಾಗ ಅದು ಕೂತಿಲ್ಲ, ಸುಮ್ಮನೆ ಒರಗಿಕೊಂಡಿದೆ ಎಂದು ತಿಳಿಯಿತು. ಆಮೇಲೆ ಅದು ಸಾರಿನ ಪಾತ್ರೆಗೆ ಬಿತ್ತು.

ಶುಕ್ರವಾರ ರಾತ್ರಿ ಊಟಕ್ಕೆ ಕೂರುವ ಮೊದಲು ಅತ್ತೆ ಹದಿಮೂರು ಲಕೋಟೆಗಳಲ್ಲಿ ಹದಿಮೂರು ಗಡಿಯಾರ ಹಾಕಿ, ಪ್ರತಿಯೊಂದರ ಮೇಲೂ ಗಿರಾಕಿಯ ಗುರುತು ಬರೆದು ಸಾಲಾಗಿ ಇಟ್ಟರು. ಚಿಮುಟಗಳನ್ನು ಎಣ್ಣೆ ಹಚ್ಚಿ ಒರೆಸಿದರು. ಅಷ್ಟು ಶ್ರದ್ಧೆಯಿಂದ ಒರೆಸಿದ್ದನ್ನು ನೋಡಿದರೆ ಮತ್ತೆ ತೆಗೆಯುವ ಉದ್ದೇಶವಿಲ್ಲ ಎಂದು ಗೊತ್ತಾಗುತ್ತಿತ್ತು. ಕಣ್ಣಳತೆ ಅಂದು ಊಟ ಮಾಡಿದನೋ ಬಿಟ್ಟನೋ ಅವನಿಗೇ ನೆನಪಿಲ್ಲ.

ಶನಿವಾರ ಮಧ್ಯಾಹ್ನ ಅತ್ತೆ ಎಂದಿನಂತೆ ಒಂದು ಗಂಟೆ ಮಲಗಲು ಹೋದರು. ಬಾಗಿಲು ಮುಚ್ಚಿದ್ದೇ ತಡ, ಕಣ್ಣಳತೆ ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿದ.

“ಏನು ಮಾಡ್ತಾ ಇದ್ದೀರಿ?” ಎಂದು ಹೆಂಡತಿ ಪಿಸುಗುಟ್ಟಿದಳು.

“ಚೀಲದಲ್ಲಿ ಬಲ್ಬ್ ತಗೊಂಡು ಹೋಗಲ್ಲ ಅಂದಿದ್ನಲ್ಲ?”

“ಹೂಂ.”

“ದೀಪನೇ ತಗೊಂಡು ಹೋಗ್ತೀನಿ.”

ಇದು ಸೋಲೋ ಗೆಲುವೋ ಎಂದು ಹೆಂಡತಿಗೆ ಅರ್ಥವಾಗಲಿಲ್ಲ. ಅವನಿಗೂ ಆಗಿರಲಿಲ್ಲ. ಅಳತೆ ತೆಗೆಯಲು ಒಲ್ಲದವನು ಇಡೀ ಕಾಲನ್ನೇ ಅಂಗಡಿಗೆ ಒಯ್ಯುವುದರಲ್ಲಿ ತಪ್ಪೇನಿಲ್ಲ ಎಂದು ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹೆಂಡತಿ ಮೇನ್ ಸ್ವಿಚ್ ತೆಗೆದು, ಕುರ್ಚಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ವೈರು ಬಿಚ್ಚಿದ, ಕೊಕ್ಕೆಯಿಂದ ದೀಪ ಕಳಚಿದ. ಹಿಡಿಯಲು ಬೇರೆ ದಾರಿ ಕಾಣದೆ ಕುತ್ತಿಗೆಯನ್ನು ತೋಳುಗಳ ನಡುವೆ ತೂರಿಸಿ ಹೆಗಲ ಮೇಲೆ ಕೂರಿಸಿಕೊಂಡ. ಮುಖದ ಸುತ್ತ ಏಳು ಹೋಲ್ಡರು, ನಡುವೆ ಬೆವರುತ್ತಿರುವ ಕಣ್ಣಳತೆ.

“ಒಂದು ಗಂಟೆ. ಅಮ್ಮ ಏಳೋದ್ರೊಳಗೆ ವಾಪಸ್ ಬರ್ಬೇಕು,” ಎಂದಳು ಹೆಂಡತಿ.

ಬಸ್ಸಿನಲ್ಲಿ ಕಂಡಕ್ಟರ್ ಎರಡು ಟಿಕೆಟ್ ಹರಿದ.

“ಇದಕ್ಯಾಕೆ ಟಿಕೆಟ್ಟು? ಇದು ಸೀಟಲ್ಲಿ ಕೂತಿಲ್ಲವಲ್ಲ,” ಎಂದ ಕಣ್ಣಳತೆ.

“ಕೂತಿಲ್ಲ ಸಾರ್, ಆದ್ರೆ ಅದು ನಿಂತಿರೋ ಜಾಗದಲ್ಲಿ ನಾಲ್ಕು ಜನ ನಿಲ್ತಿದ್ರು. ಒಂದೇ ಟಿಕೆಟ್ ಕೇಳಿದೀನಿ ಅಂತ ಖುಷಿಪಡಿ.”

ಅಷ್ಟರಲ್ಲಿ ಪಕ್ಕದ ಹೆಂಗಸಿನ ಶಾಲು ಗೋದಾಮಿನ ಹೋಲ್ಡರಿಗೆ ಸಿಕ್ಕಿಕೊಂಡಿತು. ಅವಳ ನಿಲ್ದಾಣ ಬಂತು, ಅವಳು ಇಳಿದಳು. ಶಾಲು ಇಳಿಯಿತು, ಶಾಲಿನ ಹಿಂದೆ ದೀಪ ಇಳಿಯಿತು, ದೀಪದೊಳಗಿದ್ದ ಕಣ್ಣಳತೆಗೆ ಇಳಿಯದೆ ಗತಿ ಇರಲಿಲ್ಲ. ಫುಟ್‌ಪಾತಿನ ಮೇಲೆ ನಿಂತು ಇಬ್ಬರೂ ಹತ್ತು ನಿಮಿಷ ಶಾಲು ಬಿಡಿಸಿದರು. ಬಸ್ಸು ಎರಡು ಟಿಕೆಟ್ಟಿನ ದುಡ್ಡು ಇಟ್ಟುಕೊಂಡು ಹೋಯಿತು. ಉಳಿದ ಎರಡು ನಿಲ್ದಾಣಗಳಷ್ಟು ದೂರ ಅವನು ನಡೆದೇ ಹೋದ. ಎದುರು ಬಂದವರು ದಾರಿ ಬಿಟ್ಟರು, ನಾಯಿಯೊಂದು ಬೊಗಳಲು ಬಾಯಿ ತೆಗೆದು ಯಾವ ಕಡೆಗೆ ಬೊಗಳುವುದೆಂದು ತಿಳಿಯದೆ ಮುಚ್ಚಿಕೊಂಡಿತು.

ಬಲ್ಬಿನಕ್ಕ ಏಣಿಯಿಂದ ಪೂರ್ತಿ ಕೆಳಗಿಳಿದದ್ದು ಅಂದೇ. ದೀಪದ ಸುತ್ತ ಒಂದು ಸುತ್ತು ಬಂದಳು.

“ಅಯ್ಯೋ ಅಣ್ಣ, ಇದನ್ನ ಮಂಗಳವಾರವೇ ತಂದಿದ್ರೆ ಮಂಗಳವಾರವೇ ಮುಗೀತಿತ್ತಲ್ಲ!”

“ಸಿಗತ್ತಾ ಅಕ್ಕ? ಎಲ್ಲಾ?”

“ಹೋಲ್ಡರ್ ಕಣ್ಣ ಮುಂದೆ ಇದ್ರೆ ಯಾಕೆ ಸಿಗಲ್ಲ? ನೀವು ಹಿಮ್ಮಡಿ, ಲೇಸು ಅಂತ ಹೇಳ್ತಿದ್ರೆ ನಾನು ಏನು ಕೊಡಲಿ?”

ಒಂದೊಂದೇ ಡ್ರಾಯರು ತೆರೆಯಿತು. ಹೊಲಿಗೆ ಮಷೀನಿನ ಗಾತ್ರದ ಎಲ್‌ಇಡಿ ಬಲ್ಬು ಹಿಂದಿನ ಗೋಡೆಯ ಡ್ರಾಯರಿನಲ್ಲಿತ್ತು. ದಪ್ಪ ತಿರುಪಿನದು ಎದುರಿಗೇ ಇತ್ತು. ಅತಿ ಸಣ್ಣ ತಿರುಪಿಗೆ ಫ್ರಿಜ್ಜಿನೊಳಗಿನ ಬಲ್ಬು ಸರಿಹೋಯಿತು. ಅದರ ಅಕ್ಕನಂತಿದ್ದ ಇನ್ನೊಂದು ಸಣ್ಣ ತಿರುಪಿಗೆ ಉಳಿದಿದ್ದದ್ದು ಒಂದೇ ಬಲ್ಬು, ಹೋಟೆಲಿನವರು ಅಲಂಕಾರಕ್ಕೆ ಹಾಕುವಂಥದ್ದು, ಮೇಣದಬತ್ತಿಯ ಜ್ವಾಲೆಯ ಹಾಗೆ ನಡುಗುತ್ತಾ ಉರಿಯುವುದು. “ಇದು ನಡುಗತ್ತೆ, ಪರವಾಗಿಲ್ವಾ?” ಎಂದಳು. “ಉರಿದ್ರೆ ಸಾಕು,” ಎಂದ. ಮೂರು ಪಿನ್ನಿನದನ್ನು ಹುಡುಕಲು ಮಾತ್ರ ಅವಳು ಏಣಿಯ ತುತ್ತತುದಿಗೆ ಹತ್ತಬೇಕಾಯಿತು. ಯಾವುದೋ ಕಚೇರಿಯವರು ತರಿಸಿ ಒಯ್ಯಲು ಮರೆತಿದ್ದ ಪೆಟ್ಟಿಗೆಯ ತಳದಲ್ಲಿ ಒಂದು ಸಿಕ್ಕಿತು. ಧೂಳು ಊದಿ, ಹೋಲ್ಡರಿಗಿಟ್ಟು ತಿರುಗಿಸಿದಳು. ಮೂರು ಪಿನ್ನೂ ಟಕ್ ಎಂದು ಕೂತವು. ಕಣ್ಣಳತೆ ಅವಳ ಕೈ ಕುಲುಕಿದ.

ಉಳಿದದ್ದು ಗೋದಾಮಿನ ದೊಡ್ಡ ಬಾಯಿ. “ಇದಕ್ಕೆ ಸರಿಯಾದ ಬಲ್ಬ್ ಹಾಕಿದ್ರೆ ನಿಮ್ಮ ಮನೆಯಲ್ಲ, ನಿಮ್ಮ ಬೀದಿಯೇ ಬೆಳಗತ್ತೆ. ಇದನ್ನ ತಗೊಳ್ಳಿ,” ಎಂದು ಒಂದು ಬಿಲ್ಲೆಯಂಥದ್ದನ್ನು ಕೊಟ್ಟಳು. ಹೊರಗೆ ದೊಡ್ಡ ತಿರುಪು, ಒಳಗೆ ಸಣ್ಣ ತಿರುಪು. ಅದನ್ನು ಮೊದಲು ಕೂರಿಸಿ, ಅದರೊಳಗೆ ಸಾಮಾನ್ಯ ಬಲ್ಬು ಹಾಕಬೇಕು. ಹೆಸರು ಅಡಾಪ್ಟರ್.

ಕಣ್ಣಳತೆಯ ಮುಖ ಅರಳಿತು. “ಶೂ ದೊಡ್ಡದಾದ್ರೆ ಒಳಗೆ ಒಂದು ಅಟ್ಟೆ ಹಾಕಿ ಕೊಡ್ತೀವಲ್ಲ, ಅದೇ ಇದು!”

“ಹೌದಣ್ಣ, ಅದೇ ಇದು,” ಎಂದಳು ಬಲ್ಬಿನಕ್ಕ, ಸುಸ್ತಾಗಿ.

ಆಗ ಅವನ ಫೋನು ಬಡಿದುಕೊಂಡಿತು. ಹೆಂಡತಿ. ಅವನು ಗೋಡೆಯ ಗಡಿಯಾರ ನೋಡಿದ. ಒಂದು ಗಂಟೆಗೆಂದು ಬಂದವನು ಮೂರು ಗಂಟೆ ಕಳೆದಿದ್ದ.

“ಎಲ್ಲಿದ್ದೀರಿ? ಅಮ್ಮ ಎದ್ದು ಬಂದು ಮೇಲೆ ನೋಡಿದ್ಲು. ಅಂಗಡಿಗೆ ತಗೊಂಡು ಹೋಗಿದಾರೆ, ಬಲ್ಬ್ ಹಾಕಿಸ್ಕೊಂಡು ಬರ್ತಾರೆ ಅಂತ ಹೇಳಿದೆ. ನಂಬ್ತಾ ಇಲ್ಲ. ‘ಒಳ್ಳೇದೇ ಆಯ್ತು, ಗುಜರಿಗೆ ಹಾಕಿದ್ರೂ ಪರವಾಗಿಲ್ಲ, ನನಗೆ ಹೇಳಕ್ಕೆ ಹೆದರಬೇಡಿ’ ಅಂತಾಳೆ. ಖಾಲಿ ಕೊಕ್ಕೆ ನೋಡ್ಕೊಂಡು ಕೂತಿದ್ದಾಳೆ ರೀ. ನಂಗೆ ನೋಡಕ್ಕಾಗ್ತಾ ಇಲ್ಲ. ಜನ ಬೇರೆ ಬರಕ್ಕೆ ಶುರು ಮಾಡ್ತಾರೆ ಈಗ.”

ಗುಜರಿ! ತಾನು ದೀಪ ಕಳಚಿದ್ದು ಅತ್ತೆಗೆ ಹಾಗೆ ಕಂಡಿತೇ? ಇನ್ನು ನೀವು ಬೇಡ ಎಂದು ಮನೆಯವರೇ ಹೇಳಿದ ಹಾಗೆ? ದೀಪವನ್ನು ಹೆಗಲಿಗೇರಿಸಿ ಅವನು ಬಸ್ಸಿಗೂ ಕಾಯದೆ ಓಡಿದ. ಬಲ್ಬುಗಳ ಚೀಲ ಹಲ್ಲಿನಲ್ಲಿತ್ತು. ದಾರಿಯ ಜನ ಮಧ್ಯಾಹ್ನ ನಗುವುದನ್ನು ಬಾಕಿ ಇಟ್ಟಿದ್ದರೆ ಈಗ ನಕ್ಕು ಮುಗಿಸಿದರು. ಅವನಿಗೆ ಯಾರ ಪರಿವೆಯೂ ಇರಲಿಲ್ಲ.

ಮೂರನೆಯ ಮಹಡಿಗೆ ಏದುಸಿರು ಬಿಡುತ್ತಾ ಹತ್ತುವಾಗ ಬ್ಯಾಂಡ್ ಮೇಷ್ಟ್ರು ಮೆಟ್ಟಿಲಿಳಿದು ಬರುತ್ತಿದ್ದರು. ಗಡಿಯಾರ ಕೈಗೆ ಕಟ್ಟಿಕೊಳ್ಳುತ್ತಾ, ದೀಪಕ್ಕೆ ದಾರಿ ಬಿಡಲು ಗೋಡೆಗೆ ಅಂಟಿ ನಿಂತು, “ಪಾಪ, ಒಳ್ಳೇ ಕೈ ಅದು,” ಎಂದಷ್ಟೇ ಹೇಳಿ ಹೋದರು.

ಅತ್ತೆ ಮೇಜಿನ ಮುಂದೆ ಕೂತಿದ್ದರು. ಲಕೋಟೆಗಳು ಹನ್ನೆರಡಾಗಿದ್ದವು. ಅಳಿಯ ಒಳಗೆ ಬಂದ ಅವತಾರ ನೋಡಿ ಅವರು ಕುರ್ಚಿ ಹಿಂದಕ್ಕೆ ಸರಿಸಿ ಜಾಗ ಬಿಟ್ಟರು. ಕಣ್ಣಳತೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಚೀಲ ಇನ್ನೂ ಹಲ್ಲಿನಲ್ಲಿತ್ತು. ಕುರ್ಚಿ ಹತ್ತಿದ, ಕೊಕ್ಕೆಗೆ ಸಿಕ್ಕಿಸಿದ, ಹೆಂಡತಿ ಹೇಳಿಕೊಟ್ಟಂತೆ ವೈರು ಸೇರಿಸಿದ. ಬಲ್ಬುಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲಿ ಕೂರಿಸಿದ. ಏಳೂ ಕೂತವು. ಹೆಂಡತಿ ಮೇನ್ ಹಾಕಿ, ಸ್ವಿಚ್ ಒತ್ತಿದಳು.

ಏಳು ಬಲ್ಬು, ಏಳು ಥರದ ಬಿಳಿ. ಒಂದು ಹಾಲಿನಂತೆ, ಒಂದು ಹಾಲಿಗೆ ಅರಿಶಿನ ಹಾಕಿದಂತೆ, ಒಂದು ನೀಲಿ. ಫ್ರಿಜ್ಜಿನದು ಹಸಿರಿಗೆ ತಿರುಗಿತ್ತು. ಮೇಣದಬತ್ತಿಯದು ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಅತ್ತೆಯ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿಯಾಯಿತು. ಕಣ್ಣಳತೆ ತಾನು ತಂದ ಸಂಪತ್ತನ್ನು ನೋಡಿ ನಾಚಿ ನೀರಾದ. ಗಾತ್ರವನ್ನು ಮಾತ್ರ ನೋಡಿದ್ದ, ಬಣ್ಣ ಅವನ ತಲೆಗೇ ಬಂದಿರಲಿಲ್ಲ.

“ಅತ್ತೆ, ಸೋಮವಾರ ಬದಲಾಯಿಸ್ಕೊಂಡು ಬರ್ತೀನಿ,” ಎಂದು ಗೊಣಗಿದ.

ಅತ್ತೆ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಮೇಜಿನ ಮೇಲೆ ಬೆಳಕಿತ್ತು, ನೆರಳಿರಲಿಲ್ಲ. ಅವರು ಹತ್ತಿರದ ಲಕೋಟೆ ಎಳೆದುಕೊಂಡರು. ಬೇಕರಿಯವಳ ಗಡಿಯಾರ. ಲೆನ್ಸ್ ಕಣ್ಣಿಗೆ ಸಿಕ್ಕಿಸಿ, ಹಿಂದಿನ ಮುಚ್ಚಳ ತೆಗೆದು ಬಗ್ಗಿದರು. ಕಣ್ಣಳತೆಗೆ ಸೀನು ಬಂತು, ಮೂಗು ಹಿಡಿದು ನುಂಗಿದ.

“ಥೂ!” ಎಂದರು ಅತ್ತೆ.

“ಏನಮ್ಮಾ?”

“ಕೂದಲು!” ಅತ್ತೆ ಚಿಮುಟವನ್ನು ಮೇಲೆತ್ತಿದರು. ತುದಿಯಲ್ಲಿ ಬೆಳ್ಳಗೆ ಒಂದು ಎಳೆ. “ನಂದೇ ಕೂದಲು ಕಣೆ. ಬಗ್ಗಿ ಬಗ್ಗಿ ನೋಡ್ತಿದ್ನಲ್ಲ, ಒಳಗೆ ಉದುರಿದೆ. ಚಕ್ರಕ್ಕೆ ಸುತ್ತಿಕೊಂಡು ಕೂತಿದೆ. ಎರಡು ಸಲ ಬಿಚ್ಚಿದೀನಿ, ಎರಡು ಸಲವೂ ಕಾಣಲಿಲ್ಲ.”

ಅವರು ಎರಡೂ ಕೈಗಳನ್ನು ಬೆಳಕಿಗೆ ಹಿಡಿದರು. ಬೆರಳುಗಳನ್ನು ಅಗಲಿಸಿ, ಮುಂದೆ ಹಿಂದೆ ತಿರುಗಿಸಿ ನೋಡಿದರು. ಬೇರೆ ಯಾರದೋ ಕೈಯನ್ನು ಪರೀಕ್ಷೆ ಮಾಡುವ ಹಾಗೆ ತುಂಬ ಹೊತ್ತು ನೋಡಿದರು.

“ನಡುಗ್ತಾ ಇಲ್ಲ,” ಎಂದರು. “ನಡುಗ್ತಾ ಇರೋದು ಆ ಮೇಣದಬತ್ತಿ ಒಂದೇ.” ಆಮೇಲೆ ಮಗಳ ಕಡೆ ತಿರುಗಿದರು. “ನನ್ನ ಕೈಗೆ ಏನೂ ಆಗಿಲ್ಲ ಕಣೆ. ಕತ್ತಲೆ. ಬರೀ ಕತ್ತಲೆ ಅಷ್ಟೇ.”

ಮಗಳು ಅತ್ತಳು. ಕಣ್ಣಳತೆ ಅಳಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದ. ಆಗ ಮಾತ್ರ ಸೋಫಾದ ಮೇಲೆ ಕುಸಿದು ಕೂತ.

“ಕೂತ್ಕೋಬೇಡಿ!” ಅತ್ತೆ ದಡಕ್ಕನೆ ಎದ್ದರು. “ಬ್ಯಾಂಡ್ ಮೇಷ್ಟ್ರ ಗಡಿಯಾರದಲ್ಲೂ ಇದೇ ಆಗಿರತ್ತೆ. ನನ್ನ ಕೂದಲು ಕಟ್ಕೊಂಡು ಊರೆಲ್ಲ ಓಡಾಡ್ತಾ ಇದ್ದಾರೆ ಅವರು. ಓಡಿ, ಇನ್ನೂ ಬಸ್ ಸ್ಟಾಪಲ್ಲಿ ಇರ್ತಾರೆ!”

ಕಣ್ಣಳತೆ ಬಾಗಿಲಲ್ಲಿ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿದ. ಬಲಗಾಲಿಗೆ ಅವನದೇ ಶೂ, ಎಡಗಾಲಿಗೆ ಹೆಂಡತಿಯ ಹವಾಯಿ ಚಪ್ಪಲಿ. ಹಿಮ್ಮಡಿ ಎರಡು ಬೆರಳು ಹೊರಗೆ ಚಾಚಿತ್ತು. ಚಪ್ಪಲಿ ಅಂಗಡಿಯ ಮುಂದೆಯೇ ಹಾಗೆ ಓಡಿಹೋದದ್ದನ್ನು ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು.

ಬಸ್ಸು ಆಗಲೇ ಬಂದು ನಿಂತಿತ್ತು. ಮೇಷ್ಟ್ರು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದರು. ಕಣ್ಣಳತೆ ಅವರ ಮಣಿಕಟ್ಟನ್ನೇ ಹಿಡಿದ.

“ಮೇಷ್ಟ್ರೇ, ಗಡಿಯಾರ ಕೊಡಿ!”

ಮೇಷ್ಟ್ರು ಗಾಬರಿಯಾಗಿ ಕೈಯನ್ನು ಎದೆಗವಚಿಕೊಂಡರು. “ಏನ್ರೀ ಇದು? ಈಗ ತಾನೇ ನಿಮ್ಮ ಅತ್ತೆಯವರೇ ನನ್ನ ಕೈಗೆ ಕೊಟ್ಟರಲ್ಲ? ಇನ್ನು ನನ್ನ ಕೈಲಾಗಲ್ಲ, ಬಿಟ್ಟುಬಿಟ್ಟೆ ಅಂದರಲ್ಲ?”

“ಅದು ಆಗಿನ ಮಾತು,” ಎಂದ ಕಣ್ಣಳತೆ. “ಈಗ ಕೂತಿದ್ದಾರೆ. ಕಣ್ಣಿಗೆ ಲೆನ್ಸ್ ಹಾಕ್ಕೊಂಡು, ಚಿಮುಟ ಹಿಡ್ಕೊಂಡು, ನಿಮ್ಮ ಗಡಿಯಾರಕ್ಕೇ ಕಾಯ್ತಾ ಇದ್ದಾರೆ.”

ಕಂಡಕ್ಟರ್ ಹತ್ತುತ್ತೀರೋ ಇಲ್ಲವೋ ಎಂದು ಕೂಗಿದ. ಮೇಷ್ಟ್ರು ಬಸ್ಸನ್ನು ನೋಡಿದರು, ಕಣ್ಣಳತೆಯ ಒದ್ದೆ ಮುಖವನ್ನು ನೋಡಿದರು.

“ಕಾಯ್ತಾ ಇದ್ದಾರಾ?” ಎಂದು ಕೇಳಿ, ಮೆಟ್ಟಿಲಿನಿಂದ ಕಾಲು ತೆಗೆದು, ಗಡಿಯಾರ ಬಿಚ್ಚತೊಡಗಿದರು.